ಜಗತ್ತಿನ ಅದ್ಭುತಗಳೂ ನಮ್ಮ ನಾಲೆಯ ನೀರೂ

ಈ ಸ್ಮರಣ ಸಂಚಿಕೆಗೆ ‘ಜಗತ್ತಿನ ಅದ್ಭುತಗಳು’ ಎಂಬ ವಿಷಯವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ನನ್ನ ಕಣ್ಣಮುಂದೆ ಮೊದಲು ಸುಳಿದುದು ಈಜಿಪ್ಟಿನ ಪಿರಮಿಡ್ಡಾಗಲಿ ಚೀನಾದ ಮಹಾಗೋಡೆಯಾಗಲಿ ಅಲ್ಲ. ನಮ್ಮ ಶಾಲೆಯ ಎಂಟನೆಯ ತರಗತಿಯ ಕೊಠಡಿಯಲ್ಲಿ, ಕರಿಹಲಗೆಯ ಬಲಕ್ಕೆ, ಬಹುಕಾಲ ತೂಗುತ್ತಿದ್ದ ಒಂದು ಬಣ್ಣದ ಪಟ ನೆನಪಾಯಿತು. ಅದರಲ್ಲಿ ತಾಜಮಹಲು, ಪಿರಮಿಡ್ಡು, ಮಹಾಗೋಡೆ, ಐಫೆಲ್ ಗೋಪುರ, ನಯಾಗರ ಜಲಪಾತ ಇವೆಲ್ಲವೂ ಇದ್ದವು. ನಾನು ಸಮಾಜ ವಿಜ್ಞಾನದ ಉಪಾಧ್ಯಾಯನಾಗಿದ್ದಷ್ಟು ವರ್ಷವೂ ಬೆತ್ತದ ತುದಿಯಿಂದ ಆ ಚಿತ್ರಗಳನ್ನು ತೋರಿಸಿ ಅವುಗಳ ಹೆಸರು, ದೇಶ, ಎತ್ತರಗಳನ್ನು ಹೇಳಿಸುತ್ತಿದ್ದೆ. ಮಕ್ಕಳೂ ಗಿಳಿಪಾಠದಂತೆ ಒಪ್ಪಿಸುತ್ತಿದ್ದರು.

ಒಂದು ದಿನ ನಮ್ಮ ವಿದ್ಯಾರ್ಥಿನಿಲಯದ ಹುಡುಗನೊಬ್ಬ ನಯಾಗರವು ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿದೆಯೆಂದು ತೊದಲದೆ ಹೇಳಿದ. ಅವನ ಊರು ಮಳವಳ್ಳಿ ತಾಲ್ಲೂಕಿನದು. ಗಗನಚುಕ್ಕಿಗೆ ಅಲ್ಲಿಂದ ಎಂಟು ಹತ್ತು ಮೈಲಿ ಇದ್ದೀತು. ‘ಗಗನಚುಕ್ಕಿಯನ್ನು ನೋಡಿದ್ದೀಯೇನಪ್ಪ?’ ಎಂದು ಕೇಳಿದೆ. ‘ಇಲ್ಲ ಸಾರ್, ಅದು ಪಟದಲ್ಲಿಲ್ಲ’ ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಆ ಸಂಜೆ ಮನೆಗೆ ಹೋಗುವಾಗ ನಗು ಉಳಿದಿರಲಿಲ್ಲ. ಹುಡುಗನು ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಪಟದಲ್ಲಿ ಇಲ್ಲದುದನ್ನು ನಾನು ಅವನಿಗೆ ಕಲಿಸಿರಲಿಲ್ಲ.

ಅದ್ಭುತಗಳಿಗೆ ಪಟ್ಟಿ ಮಾಡುವ ಅಭ್ಯಾಸ ಹೊಸದಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕರು ತಾವು ಕಂಡ, ಕೇಳಿದ ಏಳು ಕಟ್ಟಡಗಳನ್ನು ಎಣಿಸಿದರು. ಅವುಗಳ ಪೈಕಿ ಇಂದಿಗೂ ನಿಂತಿರುವುದು ಗೀಜಾದ ಮಹಾಪಿರಮಿಡ್ಡೊಂದೇ. ನಮ್ಮ ಕಾಲದಲ್ಲಿ, 2007ರ ಜುಲೈ 7ರಂದು, ಲಿಸ್ಬನ್ ನಗರದಲ್ಲಿ ಏಳು ಹೊಸ ಅದ್ಭುತಗಳನ್ನು ಘೋಷಿಸಿದರು. ದೂರವಾಣಿ ಮತ್ತು ಅಂತರಜಾಲಗಳ ಮೂಲಕ ಬಂದ ಮತಗಳೇ ಅದಕ್ಕೆ ಆಧಾರ. ತಾಜಮಹಲಿಗೆ ಮತ ಹಾಕಿರೆಂದು ನಮ್ಮ ಮಕ್ಕಳೂ ಓಡಾಡಿದುದುಂಟು. ಯುನೆಸ್ಕೋ ಸಂಸ್ಥೆಯು ಆ ಎಣಿಕೆಗೂ ತನಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿತು. ಅನಂತರ 2023ರಲ್ಲಿ ಕರ್ನಾಟಕಕ್ಕೂ ಏಳು ಅದ್ಭುತಗಳ ಪಟ್ಟಿಯೊಂದು ಪ್ರಕಟವಾಯಿತು: ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಹಂಪಿ, ಗೊಮ್ಮಟೇಶ್ವರ, ಗೋಲಗುಮ್ಮಟ, ಮೈಸೂರಿನ ಅರಮನೆ, ಜೋಗ, ನೇತ್ರಾಣಿ ದ್ವೀಪ. ಮಂಡ್ಯ ಜಿಲ್ಲೆಯ ಹೆಸರು ಅದರಲ್ಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದರಿಂದ ಬೇಸರಗೊಂಡುದನ್ನು ನಾನು ಬಲ್ಲೆ. ನನಗೆ ಬೇಸರವಾಗಲಿಲ್ಲ. ಮತ ಎಣಿಸಿ ಗೊತ್ತುಮಾಡುವ ಅದ್ಭುತ ಮತ್ತೊಂದು ಎಣಿಕೆಯಲ್ಲಿ ಸೋಲಬಹುದು. ನಮ್ಮ ನಷ್ಟ ಬೇರೆಡೆ ಇದೆ: ನಮ್ಮ ಊರುಗಳ ಬಳಿ ಇರುವುದನ್ನು ನಾವೇ ಬಲ್ಲವರಲ್ಲ. ಬಲ್ಲೆವೆಂದು ಭಾವಿಸಿದವರೂ ಅದನ್ನು ತಪ್ಪಾಗಿ ಬಲ್ಲರು.

ಶಿವನಸಮುದ್ರವನ್ನೇ ತೆಗೆದುಕೊಳ್ಳೋಣ. ಕಾವೇರಿಯು ಇಲ್ಲಿ ಎರಡಾಗಿ ಒಡೆದು ನಡುವೆ ದ್ವೀಪವನ್ನು ಬಿಟ್ಟು, ಪಶ್ಚಿಮದ ಕವಲಿನಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದ ಕವಲಿನಲ್ಲಿ ಭರಚುಕ್ಕಿಯಾಗಿಯೂ ಬೀಳುತ್ತದೆ. ಬೀಳುವ ಎತ್ತರ ಮುನ್ನೂರು ಅಡಿಗಳ ಆಸುಪಾಸು. ನಯಾಗರದ ಎತ್ತರ ಇದರ ಅರ್ಧದಷ್ಟಿರಬಹುದು. ಅದರ ಹೆಸರು ದೊಡ್ಡದಾದುದು ಅಗಲದಿಂದ, ವರ್ಷವೆಲ್ಲ ತಗ್ಗದ ನೀರಿನಿಂದ. ದ್ವೀಪದಲ್ಲಿ ಸೋಮೇಶ್ವರನೂ ಇದ್ದಾನೆ, ಶ್ರೀರಂಗಪಟ್ಟಣದ ಆದಿರಂಗ ಹಾಗೂ ಶ್ರೀರಂಗದ ಅಂತ್ಯರಂಗಗಳ ನಡುವಣ ಮಧ್ಯರಂಗನೂ ಇದ್ದಾನೆ. ಇಷ್ಟನ್ನು ಪ್ರವಾಸಿಗರಿಗೆಂದು ಬರೆದ ಯಾವ ಕೈಪಿಡಿಯಲ್ಲಾದರೂ ಓದಬಹುದು. ಕೈಪಿಡಿಗಳು ಅರ್ಧ ಪುಟದಲ್ಲಿ ಮುಗಿಸುವ ಇನ್ನೊಂದು ಸಂಗತಿ ಅಲ್ಲಿಯೇ, ಬ್ಲಫ್ ಎಂದು ನಾವು ಕರೆಯುವ ಕಡಿದಾದ ಕೊರಕಲಿನ ಬುಡದಲ್ಲಿದೆ.

1899ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಲೋಕೋಪಯೋಗಿ ಇಲಾಖೆಯ ಅಧಿಕಾರಿ ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಸೈನಿಕ ಎಂಜಿನಿಯರರು ಈ ನೀರಿನಿಂದ ವಿದ್ಯುತ್ತನ್ನು ಪಡೆಯುವ ಯೋಜನೆಯನ್ನು ಕೈಗೆತ್ತಿಕೊಂಡು ಯೂರೋಪು ಮತ್ತು ಅಮೆರಿಕಗಳನ್ನು ಸುತ್ತಿಬಂದರು. ನಯಾಗರದಲ್ಲಿ ದೊಡ್ಡ ವಿದ್ಯುದಾಗಾರವು 1895ರಲ್ಲಿ ಕೆಲಸ ಮಾಡತೊಡಗಿ, ಮರುವರ್ಷ ಇಪ್ಪತ್ತಾರು ಮೈಲಿ ದೂರದ ಬಫಲೋ ನಗರಕ್ಕೆ ವಿದ್ಯುತ್ತು ಹರಿದಿತ್ತು. ಇಲ್ಲಿ ಯೋಚಿಸಿದುದು ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು ತೊಂಬತ್ತೆರಡು ಮೈಲಿಗಳ ದೂರಕ್ಕೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದಕ್ಕೆ ಬೆಂಬಲವಾಗಿ ನಿಂತರು. ರಾಜ್ಯಭಾರವು ಆಗ ರಾಜಮಾತೆ ಕೆಂಪನಂಜಮ್ಮಣ್ಣಿಯವರ ಕೈಯಲ್ಲಿತ್ತು. ಅಮೆರಿಕ ಮತ್ತು ಸ್ವಿಟ್ಜರ್ಲೆಂಡುಗಳಿಂದ ಬಂದ ಭಾರಿ ಯಂತ್ರಗಳನ್ನು ರೈಲಿನಿಂದಿಳಿಸಿ, ಗಾಡಿರಸ್ತೆಗಳ ಮೇಲೆ ಎತ್ತು ಆನೆಗಳಿಂದ ಎಳೆಸಿ ಕಾಡಿನ ನಡುವಿನ ಈ ಕಮರಿಗೆ ಮುಟ್ಟಿಸಿದರು. ಜಲಪಾತದ ಮೇಲ್ಭಾಗದಲ್ಲಿ ನದಿಗೆ ಒಡ್ಡು ಕಟ್ಟಿ, ನೀರನ್ನು ಕಾಲುವೆಯಲ್ಲಿ ತಂದು, ಅಲ್ಲಿಂದ ಸುಮಾರು ನಾನ್ನೂರು ಅಡಿ ಆಳಕ್ಕೆ ಉಕ್ಕಿನ ಕೊಳವೆಗಳಲ್ಲಿ ಧುಮುಕಿಸಿ ಚಕ್ರಗಳನ್ನು ತಿರುಗಿಸುವುದೇ ಇದರ ತತ್ತ್ವ. 1902ರ ಜೂನ್ 30ರಂದು ಗಣಿಗಳಿಗೆ ವಿದ್ಯುತ್ತು ತಲಪಿತು. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣಲಿಲ್ಲ; ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೊದಲು ಇಟ್ಟ ಆರು ಯಂತ್ರಗಳ ಒಟ್ಟು ಶಕ್ತಿ ನಾಲ್ಕು ಸಾವಿರದ ಮುನ್ನೂರಕ್ಕೂ ಮಿಕ್ಕ ಕಿಲೋವಾಟ್. ಮುಂದೆ ಅದು ಹಂತಹಂತವಾಗಿ 42 ಮೆಗಾವಾಟ್‌ಗೆ ಏರಿತು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ‘ಏಷ್ಯಾ ಖಂಡದಲ್ಲಿಯೇ ಮೊತ್ತಮೊದಲನೆಯ ಜಲವಿದ್ಯುದಾಗಾರ’ ಎಂದು ನಾವೆಲ್ಲರೂ ಬರೆಯಿಸಿದ್ದೇವೆ, ಭಾಷಣ ಸ್ಪರ್ಧೆಗಳಲ್ಲಿ ಹೇಳಿಸಿ ಬಹುಮಾನವನ್ನೂ ಕೊಟ್ಟಿದ್ದೇವೆ. ನಾನೂ ಕೊಟ್ಟಿದ್ದೇನೆ. ಅದು ನಿಜವಲ್ಲ. ಜಪಾನಿನ ಕ್ಯೋಟೋ ನಗರದ ಕೆಆಗೆ ಎಂಬಲ್ಲಿ 1891ರಲ್ಲಿಯೇ ಜಲವಿದ್ಯುದಾಗಾರವಿತ್ತು. ನಮ್ಮ ದೇಶದೊಳಗೇ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್‌ನಲ್ಲಿ 1897ರಲ್ಲಿ ಒಂದು ಸಣ್ಣ ಆಗಾರ ಆರಂಭವಾಗಿತ್ತು. ಶಿವನಸಮುದ್ರದ ಹಿರಿಮೆ ಬೇರೆ. ಇಷ್ಟು ದೊಡ್ಡ ಪ್ರಮಾಣದಲ್ಲಿ, ಒಂದು ಕೈಗಾರಿಕೆಗಾಗಿಯೇ, ಇಷ್ಟು ದೂರಕ್ಕೆ ವಿದ್ಯುತ್ತನ್ನು ಕಳುಹಿಸಿದ ಕೆಲಸ ನಮ್ಮ ದೇಶದಲ್ಲಿ ಇದಕ್ಕೆ ಮೊದಲು ಆಗಿರಲಿಲ್ಲ; ಆ ತಂತಿಮಾರ್ಗವು ಅಂದಿನ ಜಗತ್ತಿನ ಅತಿ ದೀರ್ಘ ಮಾರ್ಗಗಳಲ್ಲೊಂದು. ಇಷ್ಟು ಸಾಲದೆ? ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆಂದು ಮಕ್ಕಳಿಗೆ ಹೇಳುತ್ತಿದ್ದೆವು. 2003ರಲ್ಲಿ ಚೀನಾದವನೇ ಆದ ಯಾಂಗ್ ಲೀವೇ ಅಂತರಿಕ್ಷಕ್ಕೆ ಹೋಗಿಬಂದು, ಭೂಮಿಯ ಸುತ್ತಣ ಕಕ್ಷೆಯಿಂದಲೇ ತನಗೆ ಗೋಡೆ ಕಾಣಲಿಲ್ಲವೆಂದು ಒಪ್ಪಿಕೊಂಡ. ಅವನ ದೇಶದವರು ಪಠ್ಯಪುಸ್ತಕವನ್ನು ತಿದ್ದುವ ಮಾತನ್ನಾಡಿದರು. ನಮ್ಮ ಕಡೆಯ ಫಲಕಗಳನ್ನೂ ಟಿಪ್ಪಣಿ ಪುಸ್ತಕಗಳನ್ನೂ ತಿದ್ದುವ ಧೈರ್ಯ ನಮಗೂ ಬರಬೇಕು. ‘ಮೊದಲು’, ‘ಅತಿ ದೊಡ್ಡದು’ ಎಂಬ ಮಾತುಗಳಿಲ್ಲದೆ ನಮ್ಮದನ್ನು ಹೊಗಳಲಾರೆವೆಂದರೆ ನಾವು ಅದನ್ನು ನೋಡಿಯೇ ಇಲ್ಲವೆಂದು ಅರ್ಥ.

ಶಿವನಸಮುದ್ರದ ಮುಂದಿನ ಕಥೆ ನಮ್ಮ ಮನೆಬಾಗಿಲಿಗೇ ಬರುತ್ತದೆ. ಗಣಿಗಳಿಗೆ ಹಗಲಿರುಳೂ, ಹನ್ನೆರಡು ತಿಂಗಳೂ ವಿದ್ಯುತ್ತು ಬೇಕು. ಕಾವೇರಿಯಾದರೋ ಬೇಸಗೆಯಲ್ಲಿ ಸೊರಗುವ ನದಿ. ನೀರಿಲ್ಲದ ತಿಂಗಳುಗಳಲ್ಲಿ ಚಕ್ರಗಳು ನಿಲ್ಲದಿರಬೇಕಾದರೆ ಮೇಲೆಲ್ಲಿಯಾದರೂ ಮಳೆಗಾಲದ ನೀರನ್ನು ಹಿಡಿದಿಡಬೇಕು. 1909ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಈ ಅಗತ್ಯಕ್ಕೆ ಬೇಸಾಯವನ್ನೂ ಜೋಡಿಸಿ ಕನ್ನಂಬಾಡಿಯ ಬಳಿ ದೊಡ್ಡ ಕಟ್ಟೆಯೊಂದನ್ನು ಕಲ್ಪಿಸಿದರು. 1911ರಲ್ಲಿ ಕೆಲಸ ಮೊದಲಾಯಿತು, 1932ರ ವೇಳೆಗೆ ಮುಗಿಯಿತು. ಉದ್ದ 8,600 ಅಡಿ. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದುದು. ತುಂಬಿದಾಗ 124.80 ಅಡಿ, 49 ಟಿ.ಎಂ.ಸಿ.ಗೂ ಮಿಕ್ಕ ನೀರು ಎಂಬುದನ್ನು ಮಂಡ್ಯದ ಎಳೆಯ ಕೂಸಿಗೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ನಾವು ಪಂಚಾಂಗವನ್ನು ನೋಡುವುದಕ್ಕಿಂತ ಮೊದಲು ಕಟ್ಟೆಯ ಮಟ್ಟವನ್ನು ನೋಡುವ ಜನ.

ಕಟ್ಟೆಯಲ್ಲಿ ನಿಂತ ನೀರು ನಮ್ಮ ಹೊಲಗಳಿಗೆ ಬಂದ ಬಗೆಯನ್ನು ಬಲ್ಲವರು ಮಾತ್ರ ಕಡಿಮೆ. ನದಿಯ ಕಣಿವೆಗೂ ಮಂಡ್ಯದ ಕಡೆಯ ಬಯಲಿಗೂ ನಡುವೆ ಕಲ್ಲಿನ ದಿಣ್ಣೆಯೊಂದು ಅಡ್ಡ ನಿಂತಿತ್ತು. ಸುತ್ತಿ ಬರುವುದು ಬಲು ದೂರ. ಆದುದರಿಂದ ಹುಲಿಕೆರೆಯ ಬಳಿ ದಿಣ್ಣೆಯ ಹೊಟ್ಟೆಯನ್ನೇ ಕೊರೆದು ಸುಮಾರು 2.8 ಕಿಲೋಮೀಟರ್ ಉದ್ದದ ಸುರಂಗವನ್ನು ಮಾಡಿ ನಾಲೆಯನ್ನು ಅದರೊಳಗೆ ಹರಿಸಿದರು. ಮೊದಲು ಅದಕ್ಕೆ ವೈಸರಾಯ್ ಇರ್ವಿನ್‌ರ ಹೆಸರಿತ್ತು. ಈಗ ವಿಶ್ವೇಶ್ವರಯ್ಯನವರ ಹೆಸರು. ರೈತರ ಬಾಯಲ್ಲಿ ಎಂದಿಗೂ ‘ವಿ.ಸಿ. ನಾಲೆ’. ರಾಗಿ ಜೋಳಗಳಿಗೆ ಆಕಾಶವನ್ನು ನೋಡುತ್ತ ಕುಳಿತಿದ್ದ ಲಕ್ಷಕ್ಕೂ ಮೀರಿದ ಎಕರೆ ಭೂಮಿ ಅದರಿಂದ ಗದ್ದೆಯಾಯಿತು. ಕಬ್ಬು ಬಂದಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ನಾಲೆಯೊಡನೆ ಮಲೇರಿಯವೂ ಬಂದುದನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ನಮ್ಮ ಶಾಲೆಯ ಮೊದಲ ಕೊಠಡಿಗಳು ಎದ್ದುದು ಈ ನೀರಿನಿಂದ ಬೆಳೆದ ಕಬ್ಬಿನ, ಭತ್ತದ ಹಣದಿಂದ. ಶ್ರೀಮಠಕ್ಕೆ ಸುಗ್ಗಿಯಲ್ಲಿ ಬಂದ ಗಾಡಿಗಳು, ದಾಸೋಹಕ್ಕೆ ಬಂದ ಅಕ್ಕಿ ಬೆಲ್ಲಗಳು ಎಲ್ಲವೂ ಆ ಸುರಂಗವನ್ನು ಹಾದುಬಂದ ನೀರಿನ ರೂಪಾಂತರಗಳೇ. ಆದರೂ ಇದುವರೆಗೆ ನಮ್ಮ ಶಾಲೆಯ ಒಂದು ತರಗತಿಯೂ ಆ ಸುರಂಗದ ಬಾಯಿಯ ಬಳಿ ಹೋಗಿ ನಿಂತಿಲ್ಲ. ಪ್ರತಿವರ್ಷ ಊಟಿಗೆ ಹೋಗುತ್ತೇವೆ.

ಹೀಗೆ ನೋಡಿದರೆ ಜಲಪಾತದಿಂದ ವಿದ್ಯುತ್ತು, ವಿದ್ಯುತ್ತಿನ ಅಗತ್ಯದಿಂದ ಕಟ್ಟೆ, ಕಟ್ಟೆಯಿಂದ ನಾಲೆ, ನಾಲೆಯಿಂದ ನಮ್ಮ ಗದ್ದೆ, ಗದ್ದೆಯಿಂದ ನಮ್ಮ ಶಾಲೆ ಎಂಬ ಒಂದು ಸರಪಳಿ ಕಾಣುತ್ತದೆ. ಪಟದ ಮೇಲಿನ ಯಾವ ಅದ್ಭುತಕ್ಕೂ ನಮ್ಮ ಮಕ್ಕಳಿಗೂ ಇಂಥ ಸಂಬಂಧವಿಲ್ಲ. ಹಾಗೆಂದು ಪಟವನ್ನು ಕಿತ್ತೆಸೆಯಬೇಕೆಂದು ನಾನು ಹೇಳುತ್ತಿಲ್ಲ. ಹೊರಗಿನದನ್ನು ಬಲ್ಲವನು ಒಳಗಿನದನ್ನು ಕೇಳಬೇಕಾದ ಪ್ರಶ್ನೆಗಳನ್ನೂ ಕಲಿಯುತ್ತಾನೆ. ಗೀಜಾದ ಪಿರಮಿಡ್ಡುಗಳ ಪಕ್ಕದಲ್ಲಿ 1990ರಿಂದೀಚೆಗೆ ಅವನ್ನು ಕಟ್ಟಿದ ಕೆಲಸಗಾರರ ಸಮಾಧಿಗಳನ್ನೂ ಅವರ ರೊಟ್ಟಿಯ ಭಟ್ಟಿಗಳನ್ನೂ ಅಗೆದು ತೆಗೆದಿದ್ದಾರೆ. ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಕೂಲಿಕಾರನು ಏನು ಉಣ್ಣುತ್ತಿದ್ದನೆಂಬುದು ಇಂದು ತಿಳಿದಿದೆ. ಕನ್ನಂಬಾಡಿಯ ಕಲ್ಲು ಹೊತ್ತ ಸಹಸ್ರಾರು ಜನ ಏನು ಉಂಡರು, ಎಲ್ಲಿ ಮಲಗಿದರು, ಹುಲಿಕೆರೆಯ ಕತ್ತಲಿನಲ್ಲಿ ಬಂಡೆ ಸಿಡಿಸಿದವರು ಯಾವ ಊರಿನವರು? ಕಾಯಕವನ್ನು ಕೈಲಾಸಕ್ಕೆ ಸಮನೆಂದ ಪರಂಪರೆಯ ಶಾಲೆಯಲ್ಲಿ ಕುಳಿತು ನಾವು ಒಬ್ಬ ದಿವಾನರ ಹೆಸರನ್ನು ಮಾತ್ರ ಬಾಯಿಪಾಠ ಮಾಡಿಸುವುದು ನನಗೆ ಸರಿ ತೋರುವುದಿಲ್ಲ. ವಿಶ್ವೇಶ್ವರಯ್ಯನವರ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ.

ಅದ್ಭುತಗಳಿಗೆ ತೆತ್ತ ಬೆಲೆಯನ್ನೂ ಹೇಳಿಕೊಡಬೇಕು. ಕಟ್ಟೆಯ ನೀರಿನಡಿ ಹಳೆಯ ಕನ್ನಂಬಾಡಿಯೂ ಇನ್ನೂ ಹಲವು ಹಳ್ಳಿಗಳೂ ಮುಳುಗಿದವು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇಗುಲವು ದಶಕಗಳ ಕಾಲ ನೀರಿನೊಳಗಿದ್ದು, ಬರಗಾಲದಲ್ಲಿ ಮಾತ್ರ ತಲೆಯೆತ್ತಿ ತೋರುತ್ತಿತ್ತು. ನೈಲ್ ನದಿಗೆ ಆಸ್ವಾನ್‌ನಲ್ಲಿ ಹೊಸ ಕಟ್ಟೆ ಎದ್ದಾಗ ಅಬು ಸಿಂಬೆಲ್ಲಿನ ದೇವಾಲಯಗಳಿಗೂ ಇದೇ ಗತಿ ಒದಗುವುದರಲ್ಲಿತ್ತು. ಯುನೆಸ್ಕೋ ಕರೆ ಕೊಟ್ಟು, ಅನೇಕ ದೇಶಗಳು ಹಣ ಕೂಡಿಸಿ, 1964ರಿಂದ 1968ರವರೆಗೆ ಅವನ್ನು ಗರಗಸದಿಂದ ಕೊಯ್ದು ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಜೋಡಿಸಿದರು. ನಮ್ಮ ವೇಣುಗೋಪಾಲನಿಗೆ ಜಗತ್ತು ಕರೆ ಕೊಡಲಿಲ್ಲ. ಆದರೂ ಈ ಶತಮಾನದಲ್ಲಿ ಅವನ ಗುಡಿಯನ್ನು ಕಲ್ಲುಕಲ್ಲಾಗಿ ಬಿಡಿಸಿ ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅಬು ಸಿಂಬೆಲ್ಲಿನ ಚಿತ್ರವನ್ನು ತೋರಿಸುವ ಉಪಾಧ್ಯಾಯನು ಅದೇ ಪಾಠದಲ್ಲಿ ಇದನ್ನು ಹೇಳಬಹುದು. ಊರಿಗೆ ಊರೇ ಎದ್ದುಹೋದ ಮನೆಗಳ ಮೊಮ್ಮಕ್ಕಳು ಅವನ ತರಗತಿಯಲ್ಲಿಯೇ ಇದ್ದಾರು.

ಜಲಪಾತವೂ ಬೆಲೆ ತೆತ್ತಿದೆ. ಮಾರ್ಚ್ ಏಪ್ರಿಲ್‌ಗಳಲ್ಲಿ ಗಗನಚುಕ್ಕಿಗೆ ಹೋದವರಿಗೆ ಕಾಣುವುದು ಕರಿಯ ಬಂಡೆ, ಅದರ ಮೇಲೆ ಎಲ್ಲೋ ಒಂದು ಬಿಳಿಯ ಎಳೆ. ಇದ್ದ ಅಲ್ಪ ನೀರೂ ಕಾಲುವೆಯಲ್ಲಿ ವಿದ್ಯುದಾಗಾರಕ್ಕೆ ಹೋಗಿರುತ್ತದೆ. ನಯಾಗರದಲ್ಲಿಯೂ ನೀರನ್ನು ತಿರುಗಿಸುತ್ತಾರೆ. ಆದರೆ 1950ರಲ್ಲಿ ಎರಡು ದೇಶಗಳೂ ಒಪ್ಪಂದ ಮಾಡಿಕೊಂಡು, ಪ್ರವಾಸದ ಋತುವಿನ ಹಗಲಿನಲ್ಲಿ ಒಂದು ಲಕ್ಷ ಕ್ಯೂಸೆಕ್, ಉಳಿದ ಹೊತ್ತಿನಲ್ಲಿ ಐವತ್ತು ಸಾವಿರ ಕ್ಯೂಸೆಕ್ ನೀರನ್ನು ಜಲಪಾತಕ್ಕೆಂದೇ ಬಿಡಬೇಕೆಂದು ಗೊತ್ತುಮಾಡಿದವು. ನೀರಿಗೆ ನೋಟದ ಹಕ್ಕೊಂದು ಉಂಟೆಂದು ಬರೆದಿಟ್ಟ ಕರಾರು ಅದು. ಕ್ಯೂಸೆಕ್ ಎಂಬ ಮಾತಿನಿಂದ ಜಗಳವನ್ನು ಮಾತ್ರ ನೆನೆಯುವ ನಮ್ಮ ಸೀಮೆಯವರು ಇದನ್ನು ಗಮನಿಸತಕ್ಕದ್ದು. ಕುಡಿಯುವ ನೀರಿಗೇ ಎಳೆದಾಟವಿರುವ ಕಾವೇರಿಯಲ್ಲಿ ಅಂಥ ಕರಾರು ಸಾಧ್ಯವೆಂದು ನಾನು ನಂಬುವುದಿಲ್ಲ. ಬೇಸಗೆಯ ಗದ್ದೆಗಿಂತ ಪ್ರವಾಸಿಗನ ಕಣ್ಣು ದೊಡ್ಡದೆಂದೂ ಹೇಳಲಾರೆ. ಆದರೆ ಮಳೆಗಾಲದಲ್ಲಿ ನಾಲ್ಕು ದಿನ ಜಲಪಾತಕ್ಕೆ ಬಣ್ಣದ ದೀಪಗಳನ್ನು ಹಾಯಿಸಿ ಉತ್ಸವ ನಡೆಸುವ ಉತ್ಸಾಹದಲ್ಲಿ ಕಾಲಂಶವಾದರೂ ಉಳಿದ ತಿಂಗಳುಗಳ ಬಂಡೆಯ ಕಡೆಗೆ ತಿರುಗಲಿ. ಆ ಬಂಡೆಯನ್ನು ತೋರಿಸಿ, ನೀರೆಲ್ಲಿಗೆ ಹೋಯಿತೆಂದು ಮಕ್ಕಳನ್ನು ಕೇಳುವುದೇ ಒಂದು ಒಳ್ಳೆಯ ಪಾಠ. ನೀರು ಮೊದಲು ಹೋದುದು ಕೋಲಾರಕ್ಕೆ, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ದೀಪವಾಗಿ ಹೋಯಿತು, 1908ರಲ್ಲಿ ಮೈಸೂರಿಗೆ. ತಂತಿಗಳು ನೆತ್ತಿಯ ಮೇಲೆಯೇ ಹಾದುಹೋಗುತ್ತಿದ್ದ ಮಳವಳ್ಳಿಯ ಕಡೆಯ ಹಳ್ಳಿಗಳಲ್ಲಿ ಹರಳೆಣ್ಣೆಯ ದೀಪ ಆರಲು ಮತ್ತೂ ದಶಕಗಳು ಹಿಡಿದವು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಬ್ಲಫ್‌ನ ಚಕ್ರಗಳು ಇನ್ನೂ ತಿರುಗುತ್ತಿವೆ.

ಮದ್ದೂರಿನ ವಿಷಯಕ್ಕೆ ಬರೋಣ. ಮದ್ದೂರೆಂದರೆ ವಡೆ ಎಂಬ ಕೀರ್ತಿ ರೈಲ್ವೆ ನಿಲ್ದಾಣದಿಂದ ಹೊರಟು ದೇಶವನ್ನೆಲ್ಲ ಸುತ್ತಿದೆ; ಅದರ ರುಚಿಯ ಬಗ್ಗೆ ನನ್ನ ತಕರಾರಿಲ್ಲ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಹೋಗುವವರು ಈಗ ವಡೆಗೂ ನಿಲ್ಲುವುದಿಲ್ಲ, ಊರನ್ನು ಬದಿಗೆ ಬಿಟ್ಟು ಧಾವಿಸುತ್ತಾರೆ. ಆ ಊರಿನ ಮಗ್ಗುಲಲ್ಲಿಯೇ ಶಿವಪುರವಿದೆ. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಕೂಡಿ, ನಿಷೇಧವನ್ನು ಲೆಕ್ಕಿಸದೆ ಧ್ವಜವನ್ನು ಏರಿಸಿದ ನೆಲ ಅದು. ಆ ತಿಂಗಳ ಕೊನೆಯಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿ ರಕ್ತ ಹರಿಯಿತು. ಸತ್ಯಾಗ್ರಹ ಸೌಧವೆಂಬ ಕಟ್ಟಡ ಈಗ ಅಲ್ಲಿ ನಿಂತಿದೆ. ಕಣ್ಣಿಗೆ ಅಂಥ ವಿಶೇಷವೇನೂ ಕಾಣದು, ನಡೆದುದನ್ನು ಯಾರಾದರೂ ಹೇಳಬೇಕು.

ಮದ್ದೂರು ತಾಲ್ಲೂಕಿನ ನಿಜವಾದ ಅಚ್ಚರಿ, ನನ್ನ ಎಣಿಕೆಯಲ್ಲಿ, ಕೊಕ್ಕರೆ ಬೆಳ್ಳೂರು. ಶಿಂಷಾ ನದಿಯ ಬಳಿಯ ಈ ಸಾಧಾರಣ ಹಳ್ಳಿಯಲ್ಲಿ ಬೇಲಿಯಿಲ್ಲ, ದ್ವಾರವಿಲ್ಲ. ಚಳಿಗಾಲ ಕಳೆಯುತ್ತಿದ್ದಂತೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಮನೆಗಳ ಹಿತ್ತಿಲಿನ ಹುಣಸೆ ಆಲ ಅತ್ತಿಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತದೆ, ಮುದುಕಿ ರಾಗಿ ಹಸನು ಮಾಡುತ್ತಿರುತ್ತಾಳೆ. ಮೇಲೆ ಮರಿಗಳ ಗದ್ದಲ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎಂಬುದು ಆ ಊರಿನವರು ಹಕ್ಕಿಗಳ ವಿಷಯದಲ್ಲಿ ಆಡುವ ಮಾತು. ಹಿಕ್ಕೆ ಗೊಬ್ಬರವಾಗುತ್ತದೆ, ಹುಣಸೆಯ ಫಸಲು ಮಾತ್ರ ಹಾಳಾಗುತ್ತದೆ, ಅದಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡು ಬಂದಿತು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದರು. ಹತ್ತು ವರ್ಷಗಳ ತರುವಾಯ, 2017ರ ಕೊನೆಯಿಂದ ಕೆಲವು ತಿಂಗಳು, ಹೊಟ್ಟೆಯ ಜಂತುಗಳಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದಾಗ ಊರಿನವರು ಪಟ್ಟ ಸಂಕಟ ಮನೆಯ ಸಾವಿನ ಸಂಕಟವೇ ಆಗಿತ್ತು. ಕಾಡನ್ನು ಮನುಷ್ಯರಿಂದ ಕಾಯಬೇಕೆಂದು ಜಗತ್ತಿನ ಅನೇಕ ಪ್ರಸಿದ್ಧ ಅಭಯಾರಣ್ಯಗಳು ಹೇಳುತ್ತವೆ. ಇಲ್ಲಿ ಹಕ್ಕಿಯು ಮನುಷ್ಯನಿರುವ ಕಡೆಯನ್ನೇ ಆರಿಸಿಕೊಂಡಿದೆ.

ಬಸರಾಳಿನ ಮಲ್ಲಿಕಾರ್ಜುನ ದೇಗುಲವನ್ನು ಹೆಸರಿಸದೆ ಬಿಟ್ಟರೆ ಮಂಡ್ಯ ತಾಲ್ಲೂಕಿನವರು ನನ್ನನ್ನು ಕ್ಷಮಿಸರು. 1234ರಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದುದು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷ. ಆ ಕೈಗಳೇ ಕೆತ್ತಿದಂಥ ಕಲ್ಲು ಮಂಡ್ಯದಿಂದ ಒಂದು ಗಂಟೆಯ ಹಾದಿಯಲ್ಲಿ, ಪ್ರವಾಸಿಗರ ಕಾಟವಿಲ್ಲದೆ, ಮಕ್ಕಳು ಕುಳಿತು ಚಿತ್ರ ಬರೆಯುವಷ್ಟು ನಿಶ್ಶಬ್ದದಲ್ಲಿ ನಿಂತಿದೆ.

ಇನ್ನು, ಈ ಲೇಖನವನ್ನು ಬರೆಯಲು ಒಪ್ಪಿಕೊಂಡ ನಿಜವಾದ ಕಾರಣವನ್ನು ಹೇಳಿಬಿಡುತ್ತೇನೆ. ಈ ಸಂಚಿಕೆಯ ಸಂದರ್ಭದಲ್ಲಿ ಶಾಲೆಯ ಮುಂದೆ ಒಂದು ಭವ್ಯವಾದ ಮಹಾದ್ವಾರವನ್ನು ಕಟ್ಟಿಸಿ, ದಾನಿಗಳ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸಬೇಕೆಂಬ ಸಲಹೆ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಬಂದಿತು. ಉದ್ದೇಶ ಸ್ತುತ್ಯರ್ಹವಾದುದು. ಕೊಡುವ ಕೈಯನ್ನು ನಾನು ಹಿಂದಕ್ಕೆ ತಳ್ಳುವವನಲ್ಲ. ದಾನಿಗಳಿಲ್ಲದಿದ್ದರೆ ಈ ಶಾಲೆಯೂ ಇರುತ್ತಿರಲಿಲ್ಲ, ನನ್ನ ಜೀವನವೂ ಬೇರೆಯಾಗುತ್ತಿತ್ತು. ಆದರೆ ಶರಣರು ಸ್ಥಾವರ ಜಂಗಮಗಳ ವಿವೇಚನೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ನಮಗೆ ಮಾಡಿಕೊಟ್ಟಿದ್ದಾರೆ. ಅವರ ಹೆಸರಿನ ಮಠದ ಶಾಲೆಯಲ್ಲಿ ಇನ್ನೊಂದು ಸ್ಥಾವರವನ್ನು ನಿಲ್ಲಿಸುವುದಕ್ಕಿಂತ ಮೊದಲು ಅರೆಗಳಿಗೆ ಆಲೋಚಿಸುವುದು ಉಚಿತ. ಜಗತ್ತಿನ ಪುರಾತನ ಏಳು ಅದ್ಭುತಗಳಲ್ಲಿ ಆರು ಹೇಳಹೆಸರಿಲ್ಲದಂತಾದುವು. ದ್ವಾರಕ್ಕೆ ತಗಲುವ ಹಣವನ್ನು ನಿಧಿಯಾಗಿ ಇರಿಸಿದರೆ ಅದರ ಬಡ್ಡಿಯಿಂದ ಪ್ರತಿವರ್ಷವೂ ಎಂಟನೆಯ ತರಗತಿಯ ಎಲ್ಲ ಮಕ್ಕಳನ್ನೂ, ಹಣ ಕೊಡಲಾರದ ಮನೆಯವರನ್ನೂ ಬಿಡದಂತೆ, ನೀರಿನ ದಾರಿಯಲ್ಲಿ ಒಂದು ಪೂರ್ಣ ದಿನ ಕರೆದೊಯ್ಯಬಹುದು. ಈಗಿನ ಪ್ರವಾಸಗಳಿಗೆ ಯಾವ ಮಕ್ಕಳು ಹೆಸರು ಕೊಡುತ್ತಾರೆ, ಯಾವ ಮಕ್ಕಳು ಆ ದಿನ ಹೊಟ್ಟೆನೋವೆಂದು ಶಾಲೆಗೆ ಬರುವುದಿಲ್ಲ ಎಂಬುದು ಉಪಾಧ್ಯಾಯರೆಲ್ಲರಿಗೂ ಗೊತ್ತು. ದಾನಿಗಳ ಹೆ‌ಸರು ಎಲ್ಲಿ ಉಳಿಯುತ್ತದೆಂದು ಕೇಳುವವರುಂಟು. ಆ ದಿನ ಮಕ್ಕಳು ಬರೆಯುವ ದಿನಚರಿಯ ಮೊದಲ ಪುಟದಲ್ಲಿ ಬರೆಯಿಸೋಣ. ಮಕ್ಕಳ ಬರಹವಾದುದರಿಂದ ಒತ್ತು ದೀರ್ಘಗಳ ತಪ್ಪಿದ್ದರೆ ದಾನಿಗಳು ಮನ್ನಿಸಬೇಕು.

ಮಹಾದ್ವಾರವೇ ಆಗಬೇಕೆಂಬ ಅಭಿಪ್ರಾಯ ಬಹುಮತದ್ದಾದರೆ ನಾನು ಅಡ್ಡ ಬರುವುದಿಲ್ಲ. ಪೂಜ್ಯ ಶ್ರೀಗಳ ಅಪ್ಪಣೆಯೇ ಅಂತಿಮ. ಪ್ರವಾಸದ ಸಲಹೆ ಒಪ್ಪಿಗೆಯಾದಲ್ಲಿ ಅದರ ಕ್ರಮವನ್ನು ಹೀಗೆ ಯೋಚಿಸಿದ್ದೇನೆ. ಬೆಳಿಗ್ಗೆ ಆರಕ್ಕೆ ಹೊರಟು ಮೊದಲು ಕೃಷ್ಣರಾಜಸಾಗರ. ಕಟ್ಟೆಯ ಮೇಲೆ ಈಗ ಸಾರ್ವಜನಿಕರನ್ನು ಬಿಡುವುದಿಲ್ಲ, ಕೆಳಗಿನಿಂದಲೇ ನೋಡಬೇಕು. ಅಲ್ಲಿಂದ ಹುಲಿಕೆರೆ, ಸುರಂಗದ ಬಳಿ ದಡ ಜಾರುತ್ತದೆ, ಹತ್ತು ಮಕ್ಕಳಿಗೆ ಒಬ್ಬರಂತೆ ಉಪಾಧ್ಯಾಯರು ಬೇಕು, ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಬರೆದು ಪಡೆಯಬೇಕು. ಬುತ್ತಿಯನ್ನು ನಾಲೆಯ ಏರಿಯ ಮೇಲೆ ಬಿಚ್ಚಬಹುದು. ಮಧ್ಯಾಹ್ನ ಮಂಡ್ಯ, ಮಳವಳ್ಳಿಗಳನ್ನು ದಾಟಿ ಮೂರರ ವೇಳೆಗೆ ಗಗನಚುಕ್ಕಿ. ವಿದ್ಯುದಾಗಾರದ ಒಳಗೆ ಬಿಡುವರೋ ಇಲ್ಲವೋ, ಮೇಲಿನಿಂದ ಕೊಳವೆಗಳನ್ನಂತೂ ತೋರಿಸಬಹುದು. ಕಬಿನಿಯು ತಿರುಮಕೂಡಲಿನಲ್ಲಿ ಬಂದು ಕೂಡುವುದರಿಂದ ಅದು ಮೊದಲು ತುಂಬಿದ ವರ್ಷ ಜುಲೈನಲ್ಲಿಯೇ ಜಲಪಾತ ಮೈದುಂಬುತ್ತದೆ. ಕಬಿನಿಯಿಂದ ನೀರು ಬಿಟ್ಟ ಸುದ್ದಿ ಬಂದ ವಾರದೊಳಗೆ ದಿನವನ್ನು ಗೊತ್ತುಪಡಿಸಬೇಕು. ವಾಹನದ ಬಾಡಿಗೆಯನ್ನು ವಿಚಾರಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.